ಹಂಡೆಯ ಕೊರಳಲ್ಲಿದ್ದ ಊರು

ನಮ್ಮೂರು ಎಲ್ಲಿದೆ ಎಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನಂಜನಗೂಡು ತಾಲ್ಲೂಕು ಮುಗಿದು ತಿ. ನರಸೀಪುರ ತಾಲ್ಲೂಕು ಶುರುವಾಗುವ ಕಡೆ ಮಾಳಗೆರೆ ಎಂಬ ಊರಿದೆ. ಅಲ್ಲಿ ಬಸ್ಸಿಳಿದು ನಾಲೆ ಏರಿಯ ಮೇಲೆ ಎರಡು ಕಿಲೋಮೀಟರ್ ನಡೆದರೆ ಐವತ್ತೆಂಟು ಮನೆ, ಎರಡು ನೀರಿನ ತೊಂಬೆ, ಒಂದು ಅರಳಿಮರ. ಅದೇ ದೇವೀರಮ್ಮನಹುಂಡಿ. ಫೋನಿನ ನಕ್ಷೆ ತೆರೆದರೆ ಮಾತ್ರ ಇದ್ಯಾವುದೂ ಇಲ್ಲ, ನಾನೊಬ್ಬಳೇ ನೀಲಿ ಚುಕ್ಕಿಯಾಗಿ ಗದ್ದೆಯ ನಡುವೆ ನಿಂತಿರುತ್ತೇನೆ.

ನಮ್ಮ ಕಡೆ ಹುಂಡಿ ಎಂದರೆ ದೊಡ್ಡೂರಿನ ಹೊರಗೆ ದನ ಕಟ್ಟಲು ಹೋಗಿ ಆಮೇಲೆ ತಾವೂ ಅಲ್ಲೇ ಉಳಿದವರ ಪುಟ್ಟ ಊರು. ಸರ್ಕಾರದ ಲೆಕ್ಕದಲ್ಲಿ ನಮ್ಮದು ಊರೇ ಆಗಿರಲಿಲ್ಲ, ಒಂದು ಸರ್ವೆ ನಂಬರು. ಹಾಗಾಗಿ ನಮ್ಮಲ್ಲಿ ಯಾರ ಮನೆಗೂ ಹಕ್ಕುಪತ್ರವಿರಲಿಲ್ಲ. ಹಕ್ಕುಪತ್ರವಿಲ್ಲದೆ ಮನೆ ಕಟ್ಟಲು ಸಹಾಯಧನವಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ನಮ್ಮಜ್ಜಿ ಪುಟ್ಟಮಾದಮ್ಮನ ಮನೆಯ ಹಿಂದಿನ ಗೋಡೆ ಬಿತ್ತು. ಆಗ ಕಟ್ಟಿದ ನೀಲಿ ಟಾರ್ಪಾಲು ಇನ್ನೂ ಹಾಗೇ ಇದೆ. ಪಕ್ಕದಲ್ಲೇ ಇರುವ ನಮ್ಮ ಮನೆಗೆ ಬಾ ಎಂದು ಅಪ್ಪ ಎಷ್ಟು ಕರೆದರೂ ಅಜ್ಜಿ ಬರಲಿಲ್ಲ. "ಮೊದ್ಲು ಮನೇಗೊಂದ್ ಕಿಟ್ಕಿ ಇರ್ನಿಲ್ಲ, ಈಗ ಮನೆಯೆಲ್ಲ ಕಿಟ್ಕಿಯೇ. ಗಾಳಿ ಬತ್ತದೆ, ಓಗು" ಎಂದು ನಗುತ್ತಾಳೆ. ಅವಳು ನಗುವುದು ನೋಡಿದರೆ ನನಗೆ ನಗು ಬರುವುದಿಲ್ಲ.

ಫೆಬ್ರವರಿಯಲ್ಲಿ ರೆವಿನ್ಯೂ ಇನ್‌ಸ್ಪೆಕ್ಟರ್ ಅಮೃತೇಶ್ ಬಂದರು. ದಾಖಲೆಯಿಲ್ಲದ ಹುಂಡಿಗಳನ್ನು ಕಂದಾಯ ಗ್ರಾಮ ಮಾಡಿ ಎಲ್ಲರಿಗೂ ಹಕ್ಕುಪತ್ರ ಕೊಡುತ್ತಾರೆ ಎಂಬ ಸುದ್ದಿ ಅದಕ್ಕೆ ಮೊದಲೇ ಬಂದಿತ್ತು. ಅರಳಿಕಟ್ಟೆಯ ಮೇಲೆ ಊರಿನ ಯಜಮಾನರು, ಅಂದರೆ ನಮ್ಮ ದೊಡ್ಡಪ್ಪ ಪುಟ್ಟಬಸವಯ್ಯ, ಶರಟು ಇಸ್ತ್ರಿ ಮಾಡಿಸಿಕೊಂಡು ಕುಳಿತಿದ್ದರು. ಮಾಳಗೆರೆಯ ಪಂಚಾಯಿತಿ ಸದಸ್ಯ ರವಿಯಣ್ಣನೂ ಬೈಕಿನಲ್ಲಿ ಬಂದಿದ್ದ.

"ಮನೆ ಎಣಿಸಿದ್ದೀನಿ ಕಣ್ರೀ, ಸಾಕಷ್ಟಿವೆ. ಆದ್ರೆ ಇದು ಬೇರೆ ಊರು, ಹಿಂದಿನಿಂದ್ಲೂ ಈ ಹೆಸರಲ್ಲೇ ಇದೆ ಅನ್ನೋದಕ್ಕೆ ಹಳೇದು ಏನಾದ್ರೂ ಬರಹ ತೋರಿಸಿ" ಎಂದರು ಅಮೃತೇಶ್.

ಜನ ಮನೆಗೆ ಓಡಿದರು. ರೇಷನ್ ಕಾರ್ಡು, ವೋಟಿನ ಕಾರ್ಡು, ಬ್ಯಾಂಕಿನ ಪುಸ್ತಕ, ಶಾಲೆಯ ಟಿಸಿ, ಮೂವತ್ತು ವರ್ಷದ ಮದುವೆ ಕಾರ್ಡುಗಳು ಎಲ್ಲ ಬಂದವು. ಅಮೃತೇಶ್ ಒಂದೊಂದೇ ಓದುತ್ತಾ ಹೋದರು. ಎಲ್ಲದರಲ್ಲೂ ಊರು ಮಾಳಗೆರೆ.

"ಏನ್ರೀ ಯಜಮಾನ್ರೇ, ನಿಮ್ಮೂರ ಹೆಸರು ನೀವೇ ಎಲ್ಲೂ ಹಾಕಿಲ್ವಲ್ರೀ?"

"ಅಂಗಲ್ಲ ಸಾ," ದೊಡ್ಡಪ್ಪ ತಲೆ ಕೆರೆದುಕೊಂಡರು, "ಮದುವೆಗ್ ಬರೋರು ಮಾಳಗೆರೇಲಿ ತಾನೇ ಬಸ್ಸಿಳೀಬೇಕು? ಅಕ್ಕಿ ಕೊಡೋದೂ ಅಲ್ಲೇ, ವೋಟಾಕೋದೂ ಅಲ್ಲೇ. ಕೇಳ್ದೋರ್ಗೆಲ್ಲ ಮಾಳಗೆರೆ ಅಂದ್ಬುಡೋದು. ಇನ್ನು ಇವ್ರ್ ಕೂಡ ಎಲ್ಲಿ ದಾರಿ ಯೋಳ್ಕ ನಿಂತಿರನ ಅಂತ."

ರವಿಯಣ್ಣ ಗಟ್ಟಿಯಾಗಿ ನಕ್ಕ. "ಅದ್ಕೇ ಸಾರ್ ನಾನ್ ಯೋಳೋದು, ಇದು ನಮ್ಮೂರಿಂದೇ ಬಡಾವಣೆ. ಬ್ಯಾರೆ ಊರ್ ಮಾಡ್ಬುಟ್ರೆ ನಮ್ಮೂರ್ಗೆ ಮನೆ ಕಮ್ಮಿಯಾಯ್ತವೆ."

"ಬಡಾವಣೆ ಅಂತ ಬರೆದ್ರೆ ಹಕ್ಕುಪತ್ರ ಈ ಸಲ ಆಗಲ್ಲ" ಎಂದು ಅಮೃತೇಶ್ ಫೈಲು ಮುಚ್ಚಿದರು. "ಬರೋ ಬುಧವಾರ ಮಹಜರಿಗೆ ಬರ್ತೀನಿ. ಊರಿನ ಇತಿಹಾಸ, ಚೆಕ್ಕುಬಂದಿ, ಅಂದ್ರೆ ನಾಲ್ಕು ದಿಕ್ಕಿಗೂ ಏನೇನಿದೆ ಅನ್ನೋದು, ಒಂದು ಹಾಳೇಲಿ ನೀಟಾಗಿ ಬರೆದಿಡಿ. ಜೊತೆಗೆ ಒಂದಾದ್ರೂ ಹಳೇ ಪುರಾವೆ ಬೇಕು."

"ಬರ್ಯಕ್ಕೆ ನಮ್ ಕೋಮಲ ಅವ್ಳಲ್ಲ ಸಾ, ಡಿಗ್ರಿ ಆಗದೆ" ಎಂದರು ದೊಡ್ಡಪ್ಪ. "ದಿನಾ ಡೈರಿ ಬರೀತಳೆ. ಏನ್ ಬರೀತಳೋ ದೇವ್ರೇ ಬಲ್ಲ, ಬಾಯಲ್ಲಂತೂ ಒಂದೂ ಬರಲ್ಲ."

ಎಲ್ಲರೂ ತಿರುಗಿ ನೋಡಿದರು. ನಾನು ಅರಳಿಮರದ ಹಿಂದಕ್ಕೆ ಒಂದು ಹೆಜ್ಜೆ ಸರಿದೆ.

ಇತಿಹಾಸ ಬರೆಯುವುದು ಅಂದುಕೊಂಡದ್ದಕ್ಕಿಂತ ಸುಲಭವಾಗಿತ್ತು, ಏಕೆಂದರೆ ಅದು ಮೂರು ನಾಲ್ಕು ಥರ ಇತ್ತು, ಬೇಕಾದ್ದು ಆರಿಸಿಕೊಳ್ಳಬಹುದಿತ್ತು. ಪ್ಲೇಗು ಬಂದ ವರ್ಷ ಮಾಳಗೆರೆಯವರೆಲ್ಲ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ್ದರು. ಕಾಯಿಲೆ ಹೋದ ಮೇಲೆ ಎಲ್ಲರೂ ವಾಪಸ್ಸು ಹೋದರು, ದೇವೀರಮ್ಮ ಎಂಬ ಹೆಂಗಸು ಮಾತ್ರ ಹೋಗಲಿಲ್ಲ. ಇಲ್ಲಿವರೆಗೆ ಎಲ್ಲರದೂ ಒಂದೇ ಮಾತು. ಯಾಕೆ ಹೋಗಲಿಲ್ಲ ಎಂಬಲ್ಲಿ ಜಗಳ. ಅಜ್ಜಿಯ ಪಕ್ಕದ ಮನೆಯ ದೊಡ್ಡಸಿದ್ದಯ್ಯ ತಾತನ ಪ್ರಕಾರ ಮಾಳಗೆರೆಯ ಬಾವಿ ಮುಟ್ಟಗೊಡದವರ ಮುಖ ಮತ್ತೆ ನೋಡಲಾರೆ ಅಂದಳಂತೆ. ದೊಡ್ಡಪ್ಪನ ಪ್ರಕಾರ ಅವಳ ಎಮ್ಮೆ ಇಲ್ಲಿ ಒಂದು ಸೇರು ಹಾಲು ಜಾಸ್ತಿ ಕೊಟ್ಟಿತಂತೆ. ಅಜ್ಜಿಯನ್ನು ಕೇಳಿದರೆ, "ಅತ್ತೆ ಇಲ್ದಿರೋ ಮನೆ ಸಿಕ್ಕದ್ ಮ್ಯಾಲೆ ಯಾವಳ್ ಬುಟ್ ಓದಳು?" ಎಂದಳು. ನಾನು ಬಾವಿಯನ್ನೂ ಎಮ್ಮೆಯನ್ನೂ ಬರೆದುಕೊಂಡೆ. ಅತ್ತೆಯನ್ನು ಡೈರಿಗೆ ಇಟ್ಟುಕೊಂಡೆ.

ಪುರಾವೆಯದೇ ತಲೆನೋವು. ಶುಕ್ರವಾರ ಅಜ್ಜಿಯ ಹಿತ್ತಿಲಲ್ಲಿ ಕುಳಿತು ಹಾಳೆ ನೋಡುತ್ತಿದ್ದೆ. ಅಜ್ಜಿ ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ಚೊಂಬು ಬೆಳಗುತ್ತಿದ್ದಳು. ಅದರ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಂಡವು. ಅಜ್ಜಿಯ ತವರೂರಿನ ಹೆಸರು, ಅವಳಣ್ಣನ ಹೆಸರು, ಒಂದು ತಾರೀಖು.

"ಇದೇನಜ್ಜಿ?"

"ಮದ್ವೇಲಿ ನಮ್ಮಣ್ಣ ಕೊಟ್ಟಿದ್ ಮುಯ್ಯಿ. ಯಾರ್ ಕೊಟ್ರು ಅಂತ ಗೊತ್ತಾಗ್ಬ್ಯಾಡ್ವ? ಅದ್ಕೇ ಎಸ್ರು ಒಡಸೋದು."

"ನಮ್ಮೂರವರೂ ಹೊಡೆಸ್ತಿದ್ರಾ? ಊರಿನ ಹೆಸರೂ?"

"ಊ ಮತ್ತೆ, ಊರೆಸ್ರಿಲ್ದೆ ಒಡಸ್ತರ?"

ನಾನು ಎದ್ದು ಒಳಗೆ ಹೋಗಿ ಮಣೆ ಮೇಲಿದ್ದ ತಟ್ಟೆ, ತಪ್ಪಲೆ, ಬಿಂದಿಗೆ ಎಲ್ಲ ತಿರುಗಿಸಿ ನೋಡಿದೆ. ನಮ್ಮ ಮನೆಗೂ ಓಡಿ ನೋಡಿದೆ. ಅಮ್ಮನ ತವರು, ಚಿಕ್ಕಮ್ಮನ ತವರು, ಕಂಡು ಕೇಳದ ಊರುಗಳೆಲ್ಲ ಇದ್ದವು. ನಮ್ಮೂರಿಲ್ಲ. ಸಪ್ಪೆ ಮುಖ ಮಾಡಿ ವಾಪಸ್ಸು ಬಂದೆ.

ಅಜ್ಜಿ ಚೊಂಬು ಬೋರಲು ಹಾಕಿ ನನ್ನ ಕಡೆ ನೋಡಿದಳು. "ಓದ್ಕಂಡಿದ್ದೀಯಲ್ಲೇ ಕೂಸೇ, ನಮ್ಮೂರ್ ಎಸ್ರು ನಮ್ಮೂರ್ ಪಾತ್ರೇಲಿ ಯಾಕಿದ್ದದು? ನಮ್ ಎಣ್ಣುಮಕ್ಳು ಓದ್ ಕಡೆ ಅದೆ."

"ಕಾಗದಕ್ಕೆಲ್ಲ ಮಾಳಗೆರೆ ಅಂತ ಬರೆಸಿ, ಪಾತ್ರೆಗೆ ಮಾತ್ರ..."

"ಕಾಗ್ದವ ಯಾರ್ ನೋಡರು? ಸರ್ಕಾರ್ದೋರು. ಪಾತ್ರೆಯ ಬೀಗ್ರು ನೋಡ್ತರೆ ಕನ. ನಾವ್ ಕೊಟ್ಟದ್ನ ಮಾಳಗೆರೆಯೋರ್ ಕೊಟ್ರು ಅಂದ್ಕಂಬುಟ್ರೆ ನಮ್ ಮರ್ವಾದಿ ಏನಾಗ್ಬೇಕು?"

ಆ ರಾತ್ರಿ ಡೈರಿಯಲ್ಲಿ ನಮ್ಮೂರಿಂದ ಮದುವೆಯಾಗಿ ಹೋದವರ ಹೆಸರು ಬರೆದೆ. ಅಜ್ಜಿ ಹೇಳುತ್ತಾ ಹೋದಳು. ಮಾಳಗೆರೆಗೆ ಕೊಟ್ಟವರಲ್ಲಿ ರವಿಯಣ್ಣನ ಅವ್ವ ರಾಜಮ್ಮಣ್ಣಿಯೂ ಒಬ್ಬಳು, ಆದರೆ ಬಡಾವಣೆ ಎನ್ನುವವನ ಮನೆಗೇ ಹೋಗಿ ಪುರಾವೆ ಕೇಳುವುದು ಹೇಗೆ? ಅದನ್ನು ಬಿಟ್ಟೆವು. ಪಟ್ಟಿಯ ಕೊನೆಗೆ ಅಪ್ಪನ ಅಕ್ಕ, ಸೋಮನಾಥಪುರದ ನಿಂಗರಾಜಮ್ಮತ್ತೆ. ಕೊನೆಗೆ ಹಾಕಿದವಳು ನಾನೇ. ಅತ್ತೆಯ ಬಾಯಿಗೆ ನನಗೆ ಮೊದಲಿಂದಲೂ ಹೆದರಿಕೆ.

ಭಾನುವಾರ ದೊಡ್ಡಪ್ಪನ ಮಗ ಗುರು ಅಣ್ಣನ ಸ್ಕೂಟರ್ ಹತ್ತಿ ಹೊರಟೆ. ಅವನು ಲಗೇಜ್ ಆಟೋ ಓಡಿಸುತ್ತಾನೆ, ಭಾನುವಾರ ರಜ. ದಾರಿಯುದ್ದಕ್ಕೂ ಏನು ಕೇಳಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. "ಚೆನ್ನಾಗಿದ್ದೀರಾ? ನಿಮ್ಮ ಮದುವೆಯ ಪಾತ್ರೆ ಸ್ವಲ್ಪ ತೋರಿಸುತ್ತೀರಾ?" ಎಷ್ಟು ಸಲ ಹೇಳಿಕೊಂಡರೂ ಕಳ್ಳರ ಮಾತಿನಂತೆಯೇ ಕೇಳುತ್ತಿತ್ತು.

ಚಿಕ್ಕಯ್ಯನಛತ್ರದ ಶಿವಮಲ್ಲಮ್ಮ ಒಳ್ಳೆಯವಳು, ಕೇಳಿದ ಕೂಡಲೇ ಬಿಂದಿಗೆ ತಂದು ಎದುರಿಗಿಟ್ಟಳು. ಚಿನ್ನದ ಹಾಗೆ ಹೊಳೆಯುತ್ತಿತ್ತು. ಅಕ್ಷರವಿದ್ದ ಜಾಗ ಕೈಯಲ್ಲಿ ಸವರಿದರೆ ಕನ್ನಡಿಯಂತೆ ನುಣ್ಣಗೆ.

"ನಲವತ್ ವರ್ಸ ಬೆಳ್ಗಿವ್ನಿ ಕನವ್ವ" ಎಂದಳು ಹೆಮ್ಮೆಯಿಂದ. "ಈ ಬೀದೀಲಿ ಯಾರ್ ಮನೆ ಪಾತ್ರೆನಾದ್ರೂ ಇಂಗ್ ಒಳೀತದ ನೋಡು."

"ನಮ್ಮೂರ್ನೇ ಉಜ್ಜಾಕ್ಬುಟ್ಟಿದ್ದೀಯಲ್ಲಕ್ಕ!" ಎಂದ ಗುರು ಅಣ್ಣ. ಅವಳಿಗೆ ಅದೂ ಹೊಗಳಿಕೆಯೇ ಅನ್ನಿಸಿ ಎರಡು ಲೋಟ ಮಜ್ಜಿಗೆ ಕೊಟ್ಟಳು.

ಮುಡುಕುತೊರೆಯ ಚಿಕ್ಕತಾಯಮ್ಮನಿಗೆ ಕಿವಿ ಸ್ವಲ್ಪ ಮಂದ. ನಾನು ಅಡುಗೆಮನೆ ನೋಡಬೇಕು ಅಂದಾಗ ಸೊಸೆಯನ್ನು ಕೂಗಿ, "ಎಣ್ಣೇ ಮನೆ ನೋಡಕ್ ಬಂದದೆ ಕನಮ್ಮಿ! ನಮ್ ಮೊಮ್ಮಗನ್ಗೆ ಏನ್ ಅದ್ರುಷ್ಟ!" ಎಂದು ಉಪ್ಪಿಟ್ಟಿಗೆ ಒಲೆ ಹಚ್ಚಿಸಿದಳು. ಮೊಮ್ಮಗ ಬಾಗಿಲಲ್ಲಿ ಇಣುಕಿ ತಲೆ ಬಾಚಿಕೊಳ್ಳಲು ಓಡಿದ. ನಾನು ಸೆರಗಿಲ್ಲದ ಚೂಡಿದಾರಿನಲ್ಲಿ ಮುಖ ಎಲ್ಲಿ ಮುಚ್ಚಿಕೊಳ್ಳುವುದೆಂದು ತಿಳಿಯದೆ ಗೋಡೆಯ ಬುದ್ಧನ ಪಟವನ್ನೇ ನೋಡುತ್ತಾ ಕುಳಿತೆ. ಗುರು ಅಣ್ಣ ನಕ್ಕು ನಕ್ಕು ಕೊನೆಗೆ ವಿಷಯ ಹೇಳಿದ. ಸೊಸೆ ನಾಲಿಗೆ ಕಚ್ಚಿಕೊಂಡಳು. ಹಳೇ ತಪ್ಪಲೆಯನ್ನು ಪಾತ್ರೆಯವನಿಗೆ ಹಾಕಿ ಕುಕ್ಕರ್ ತೆಗೆದುಕೊಂಡು ಆರು ತಿಂಗಳಾಗಿತ್ತು.

ಸೋಮನಾಥಪುರ ಮುಟ್ಟುವಾಗ ಸಂಜೆ ನಾಲ್ಕು. ದೇವಸ್ಥಾನ ನೋಡಲು ಬಂದವರ ಕಾರುಗಳನ್ನು ದಾಟಿ ಅತ್ತೆಯ ಬೀದಿಗೆ ಹೋದೆವು. ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದ ನಿಂಗರಾಜಮ್ಮತ್ತೆ ಮೊರ ಕೆಳಗಿಟ್ಟಳು.

"ಓಹೋಹೋ, ಸೂರ್ಯ ಯಾವ್ ಕಡೆ ಉಟ್ಟವ್ನೆ ಇವತ್ತು! ಡಿಗ್ರಿಯಮ್ಮ ಬಂದವ್ಳೆ! ಎರಡ್ ವರ್ಸಾಯ್ತು ಕನೇ ನೀ ಈ ಒಸ್ಲು ತುಳ್ದು. ಇವತ್ತು ಏನ್ ಬೇಕಾಗಿ ಬಂದೆ?"

ದಾರಿಯಲ್ಲಿ ಕಟ್ಟಿಕೊಂಡಿದ್ದ ವಾಕ್ಯ ಮರೆತುಹೋಯಿತು. "ಅಜ್ಜಿ ಗೋಡೆ" ಎಂದೆ. ಅಷ್ಟೇ ಬಂತು.

ಅತ್ತೆಯ ಮುಖ ಬದಲಾಯಿತು. "ಅವ್ವನ್ ಗೋಡೆ ಏನಾಯ್ತು? ಇನ್ನೊಂದೂ ಬಿತ್ತಾ?"

ಇಲ್ಲ ಎಂದು ಹೇಳಿ, ಆಮೇಲೆ ಎಲ್ಲವನ್ನೂ ಹೇಳಿದೆ, ತೊದಲುತ್ತಲೇ. ಅತ್ತೆ ಹುರುಳಿ ಅಲ್ಲೇ ಬಿಟ್ಟಳು. ಎದ್ದು ನೇರ ಬಚ್ಚಲುಮನೆಗೆ ಕರೆದುಕೊಂಡು ಹೋದಳು. ಒಲೆಯ ಮೇಲೆ ತಾಮ್ರದ ಹಂಡೆ, ಮಸಿ ಹಿಡಿದು ಎಮ್ಮೆಯಷ್ಟು ಕಪ್ಪಗೆ. ಅತ್ತೆ ತೆಂಗಿನ ನಾರು ಕೊಟ್ಟಳು. ನಾನೊಂದು ಕಡೆ, ಅವಳೊಂದು ಕಡೆ ಉಜ್ಜಿದೆವು. ಇಷ್ಟು ವರ್ಷ ಯಾರೂ ಬೆಳಗದ ಕಾರಣ ಮಸಿಯ ಕೆಳಗೆ ಅಕ್ಷರ ನಿನ್ನೆ ಹೊಡೆಸಿದಂತೆ ಇದ್ದವು: *ದೇವೀರಮ್ಮನಹುಂಡಿ ಮಾದಯ್ಯನವರ ಮಗಳು ನಿಂಗರಾಜಮ್ಮನಿಗೆ ಮುಯ್ಯಿ 12-5-1982.*

ಕೂಗಬೇಕೆನಿಸಿತು. ಕೂಗಲಿಲ್ಲ, ಮಸಿ ಕೈಯಲ್ಲೇ ಫೋಟೋ ತೆಗೆದು ಅಮೃತೇಶ್ ಅವರಿಗೆ ಫೋನು ಮಾಡಿದೆ. ಅಪರಿಚಿತರಿಗೆ ನಾನಾಗಿ ಫೋನು ಮಾಡಿದ್ದು ಅದೇ ಮೊದಲು. "ಫೋಟೋ ಸಾಕಾಗಲ್ಲಮ್ಮ, ಮಹಜರಿನಲ್ಲಿ ವಸ್ತು ನನ್ನ ಕಣ್ಣೆದುರಿಗೆ ಇರಬೇಕು" ಎಂದರು ಅವರು.

"ಅಂಗಾದ್ರೆ ಆಟೋ ತಂದು ಎತ್ಕಂಡ್ ಓಯ್ತೀನಿ ಬುಡತ್ತೆ" ಎಂದ ಗುರು ಅಣ್ಣ.

ಅತ್ತೆ ಹಂಡೆಗೆ ಅಡ್ಡ ನಿಂತಳು. "ಮುಟ್ಟೀಯ! ತವ್ರಿಂದ ಬಂದ ಪಾತ್ರೆ ತವ್ರಿಗೆ ವಾಪಸ್ ಯಾವಾಗ ಓಯ್ತದೆ ಗೊತ್ತೇನ್ಲಾ? ಮಕ್ಳಿಲ್ದ ಎಣ್ಣು ಸತ್ರೆ ಓಯ್ತದೆ. ನಾನೇನ್ ಸತ್ತಿದ್ದೀನಾ? ಎರಡ್ ಮಕ್ಳ ಎತ್ತಿವ್ನಿ. ಅಂಡೆ ಮುಂದೆ ಓಗೋದು, ಬೀದಿಯೋರೆಲ್ಲ ನೋಡೋದು, ನಿಂಗರಾಜಮ್ಮನ್ ಕತೆ ಮುಗೀತಾ ಅನ್ನೋದು!"

ಗುರು ಅಣ್ಣ ಬೇಡಿದ, ಕೈ ಮುಗಿದ. ಅತ್ತೆಯ ಕಣ್ಣಲ್ಲಿ ನೀರಿತ್ತು, ಆದರೂ ಅಲ್ಲಾಡಲಿಲ್ಲ. ಅವ್ವನ ಗೋಡೆಯೂ ಬೇಕು, ಹಂಡೆಯೂ ಹೋಗಬಾರದು. ನಾನು ಒಲೆಯ ಬೂದಿ ನೋಡುತ್ತಾ ನಿಂತಿದ್ದೆ. ಹೇಳಲೋ ಬೇಡವೋ ಎಂದು ಮೂರು ಸಲ ಬಾಯಿ ತೆರೆದು ಮುಚ್ಚಿದೆ.

"ಹಂಡೆ ಒಂದೇ ಬಂದ್ರೆ ತಾನೇ ಅತ್ತೆ ಹಂಗೆ? ನೀನೇ ತಗೊಂಡ್ ಬಂದು, ನೀನೇ ವಾಪಸ್ ತಂದ್ರೆ?"

ಅತ್ತೆ ಒಮ್ಮೆ ಹಂಡೆಯ ಕಡೆ, ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಬಚ್ಚಲುಮನೆಯ ಹೆಂಚು ಹಾರುವಂತೆ ನಕ್ಕಳು. "ನೋಡ್ಲಾ ಗುರು, ಮಾತಾಡಲ್ಲ ಮಾತಾಡಲ್ಲ ಅಂತಿದ್ರಲ್ಲ! ಇಂಥದ್ನೆಲ್ಲ ಒಳಗ್ ಮಡಿಕಂಡವ್ಳೆ!" ಎಂದು ಮಸಿಗೈಯಲ್ಲೇ ನನ್ನ ಕೆನ್ನೆ ಹಿಂಡಿದಳು. ನನ್ನ ಡೈರಿಯ ಪಟ್ಟಿ ಕಿತ್ತುಕೊಂಡು ಫೋನು ಹಿಡಿದು ಕುಳಿತಳು. ನಾವು ಹೊರಡುವಾಗ ಅವಳು ಐದನೆಯ ಮನೆಯವರಿಗೆ ಹೇಳುತ್ತಿದ್ದಳು: "ಬುದವಾರ ಕನೇ! ಪಾತ್ರೆ ತತ್ತಾ, ಬೆಳ್ಗಿ ಗಿಳ್ಗೀಯ ಮತ್ತೆ! ಅಂಗೇ ತತ್ತಾ!"

ಬುಧವಾರ ಹತ್ತು ಗಂಟೆಗೆ ಅಮೃತೇಶ್ ಬಂದು ಕುರ್ಚಿಯಲ್ಲಿ ಕುಳಿತರು, ರವಿಯಣ್ಣ ಅವರ ಪಕ್ಕದಲ್ಲಿ. ದೊಡ್ಡಪ್ಪ ಏರಿಯ ಕಡೆಗೇ ನೋಡುತ್ತಿದ್ದರು. ಮೊದಲು ಸದ್ದು ಕೇಳಿಸಿತು, ಆಮೇಲೆ ಗುರು ಅಣ್ಣನ ಲಗೇಜ್ ಆಟೋ ಕಾಣಿಸಿತು. ಹಿಂದೆ ಹಂಡೆ, ಹಂಡೆಯನ್ನು ತಬ್ಬಿಕೊಂಡು ನಿಂಗರಾಜಮ್ಮತ್ತೆ, ಅವಳ ಸುತ್ತ ಒಂಬತ್ತು ಜನ ಹೆಂಗಸರು, ಅವರ ಮಡಿಲಲ್ಲಿ ಕೊಳಗ, ತಟ್ಟೆ, ಚೊಂಬು, ಬಿಂದಿಗೆ. ಶಿವಮಲ್ಲಮ್ಮ ಅಕ್ಷರವಿಲ್ಲದಿದ್ದರೂ ತನ್ನ ಹೊಳೆಯುವ ಬಿಂದಿಗೆ ತಂದಿದ್ದಳು. ಅದನ್ನು ತೋರಿಸದೆ ಹೇಗೆ?

ಅಮೃತೇಶ್ ಎದ್ದು ನಿಂತರು. ಜಾತ್ರೆಗೆ ಹೊರಟವರೇನೋ ಎಂದು ದಾರಿ ಬಿಡಲು ಹೋದರಂತೆ, ಆಮೇಲೆ ಹೇಳಿದರು. ಪಾತ್ರೆಗಳನ್ನೆಲ್ಲ ಕಟ್ಟೆಯ ಮೇಲೆ ಬೋರಲು ಜೋಡಿಸಿದ ಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿ ಬಗ್ಗಿ ಓದಿದರು. ಎಪ್ಪತ್ತೊಂದು, ಎಂಬತ್ತೆರಡು, ತೊಂಬತ್ತು. ಆರು ಪಾತ್ರೆಗಳ ಮೇಲೆ ದೇವೀರಮ್ಮನಹುಂಡಿ.

"ಸಾರ್, ಪಾತ್ರೇನೆಲ್ಲ ಪುರಾವೆ ಅಂದ್ರೆ ಎಂಗೆ?" ರವಿಯಣ್ಣ ಇನ್ನೂ ಮುಗಿಸಿರಲಿಲ್ಲ. ಮಾಳಗೆರೆ ಕಡೆಯಿಂದ ಅವನ ಅವ್ವ ರಾಜಮ್ಮಣ್ಣಿ ಕಂಕುಳಲ್ಲಿ ಹಿತ್ತಾಳೆ ಕೊಳಗ ಇಟ್ಟುಕೊಂಡು ಬಿಸಿಲಲ್ಲಿ ನಡೆದು ಬಂದಳು. ಅತ್ತೆಯ ಫೋನು ಅಲ್ಲಿಗೂ ಹೋಗಿತ್ತು.

"ಅವ್ವ, ನೀ ಯಾಕ್ ಬಂದೆ?"

"ನೀನೇ ದಿನಾ ಉಣ್ಣೋ ಸಾರಿನ್ ಕೊಳಗ ಕನ್ಲಾ, ತಿರುಗ್ಸಿ ಓದು" ಎಂದು ಅವನ ಕೈಗೇ ಕೊಟ್ಟಳು. ಅವನು ಓದಲಿಲ್ಲ, ಓದದೆಯೂ ಗೊತ್ತಿತ್ತು. "ಬಡಾವಣೆಯಂತೆ! ಒಂದೇ ಊರಾಗಿದ್ರೆ ನಿಮ್ಮಪ್ಪ ದಿಬ್ಬಣ ಕಟ್ಕಂಡು, ಓಲಗ ಊದುಸ್ಕಂಡು, ಈ ಏರಿ ಮ್ಯಾಲೆ ಯಾಕ್ಲಾ ಬಂದಿದ್ದ? ಪಕ್ಕದ್ ಬೀದಿಗೆ ಯಾರಾರ ದಿಬ್ಬಣ ಬತ್ತರ?"

ಇಡೀ ಕಟ್ಟೆ ನಕ್ಕಿತು. ರವಿಯಣ್ಣ ಕೊಳಗ ಹಿಡಿದು ನಿಂತ, ಕೆಳಗಿಡಲೂ ಆಗದೆ. ಕೊನೆಗೆ ತಾನೂ ನಕ್ಕು, "ನಮ್ಮವ್ವನ್ ಎದುರ್ಗೆ ನಂದೇನೂ ತಕರಾರಿಲ್ಲ ಸಾರ್, ಬರ್ಕಳಿ" ಎಂದ.

"ಇತಿಹಾಸ ಯಾರು ಓದ್ತೀರಿ?" ಎಂದರು ಅಮೃತೇಶ್.

ದೊಡ್ಡಪ್ಪ ಹಾಳೆಗೆ ಕೈ ಚಾಚಿದರು. ನಿಂಗರಾಜಮ್ಮತ್ತೆ ಆ ಕೈಯನ್ನು ಹೊಡೆದು ನನ್ನನ್ನು ಮುಂದಕ್ಕೆ ತಳ್ಳಿದಳು. ಓದಿದೆ. ಮೊದಲ ಸಾಲು ನನಗೂ ಕೇಳಿಸಲಿಲ್ಲ. ಎಮ್ಮೆಯ ಹಾಲಿನ ಭಾಗಕ್ಕೆ ಬರುವಷ್ಟರಲ್ಲಿ ಯಾರೋ ನಕ್ಕರು, ನನ್ನ ದನಿ ಸ್ವಲ್ಪ ಏರಿತು. ಚೆಕ್ಕುಬಂದಿಗೆ ಬರುವಾಗ, ಪೂರ್ವಕ್ಕೆ ಮಾಳಗೆರೆ ಗ್ರಾಮದ ಎಲ್ಲೆ, ಪಶ್ಚಿಮಕ್ಕೆ ನಂಜನಗೂಡು ತಾಲ್ಲೂಕಿನ ಗಡಿಕಲ್ಲು, ಉತ್ತರಕ್ಕೆ ನಾಲೆ, ದಕ್ಷಿಣಕ್ಕೆ ಗೋಮಾಳ ಎಂದು, ಆಯಾ ದಿಕ್ಕಿಗೆ ಕೈ ಕೂಡ ತೋರಿಸುತ್ತಿದ್ದೆನಂತೆ. ಗುರು ಅಣ್ಣ ಇನ್ನೂ ಅಣಕಿಸುತ್ತಾನೆ.

ಅಮೃತೇಶ್ ಹಂಡೆಯ ಬೆನ್ನಿನ ಮೇಲೇ ಕಾಗದವಿಟ್ಟು ಮಹಜರು ಬರೆದು ಓದಿ ಹೇಳಿದರು: "ದೇವೀರಮ್ಮನಹುಂಡಿ ಎಂಬ ಹೆಸರಿನ ಪ್ರತ್ಯೇಕ ಜನವಸತಿ ಹಿಂದಿನಿಂದಲೂ ಇರುವುದು ಸಾಬೀತಾಗಿರುತ್ತದೆ."

"ಅಂಗಂದ್ರೆ?" ಎಂದಳು ಅಜ್ಜಿ.

"ನಿಮ್ಮೂರು ಇದೆ ಅಂತ ಅಜ್ಜಿ."

"ಅಷ್ಟ್ ಯೋಳಕ್ಕೆ ಇಷ್ಟೊತ್ತಾ ಸಾಮಿ?"

ಸಹಿ ಊರಿನವರದ್ದು ಮಾತ್ರ ಬೇಕು, ಬೇರೆ ಊರಿನವರದ್ದು ನಡೆಯುವುದಿಲ್ಲ ಎಂದು ಅಮೃತೇಶ್ ಹೇಳಿದಾಗ ಆಟೋದಲ್ಲಿ ಬಂದವರೆಲ್ಲ ಒಟ್ಟಿಗೆ ಬಾಯಿ ಬಿಟ್ಟರು. ನಾವ್ಯಾವೂರೋರು ಮತ್ತೆ, ನಮ್ ಪಾತ್ರೆ ಬೇಕು ನಾವ್ ಬ್ಯಾಡ್ವ, ಎಂದು ಹತ್ತು ದನಿ. ಅವರು ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಈ ಗ್ರಾಮದ ಹೆಣ್ಣುಮಕ್ಕಳು, ಸಾಕ್ಷಿಗಳು." ಹೆಬ್ಬೆಟ್ಟು, ಸಹಿ ಸೇರಿ ಅದು ಎರಡು ಪುಟವಾಯಿತು.

ಆಗಸ್ಟಿನಲ್ಲಿ ಆದೇಶ ಬಂತು, ಅಕ್ಟೋಬರಿನಲ್ಲಿ ಹಕ್ಕುಪತ್ರ. ಅಜ್ಜಿಗೆ ಓದಲು ಬರುವುದಿಲ್ಲ. ಅವಳ ಮನೆಯ ಚೆಕ್ಕುಬಂದಿಯನ್ನು ನಾನೇ ಓದಿದೆ. ಒಂದೊಂದು ದಿಕ್ಕು ಓದಿದಾಗಲೂ ಅಜ್ಜಿ ಆ ಕಡೆಗೆ ನಡೆದುಹೋಗಿ ನಿಲ್ಲುತ್ತಿದ್ದಳು. ಪೂರ್ವಕ್ಕೆ ರಸ್ತೆ, ರಸ್ತೆಯಲ್ಲಿ ನಿಂತಳು. ದಕ್ಷಿಣಕ್ಕೆ ನಮ್ಮ ಮನೆ, ನಮ್ಮ ಗೋಡೆ ಮುಟ್ಟಿದಳು. ಉತ್ತರಕ್ಕೆ ದೊಡ್ಡಸಿದ್ದಯ್ಯನ ಮನೆ ಎಂದಾಗ ಅವರ ಬೇಲಿ ಸಂದಿಯಲ್ಲಿ ತಲೆ ಹಾಕಿ ಕೂಗಿದಳು:

"ಲೇ ಸಿದ್ದಯ್ಯ! ನಿನ್ ಬೇಲಿ ಒಂದ್ ಮೊಳ ನನ್ ಜಾಗ್ದಲ್ಲದೆ ಕನ್ಲಾ! ಕಾಗ್ದ ಬಂದದೆ, ಬಾ ಈಚ್ಗೆ!"